ಅವ್ವನ ಮೈಗೆ ಒಂದು ಲೇಬಲ್

ಆ ಟಿಕೆಟ್ಟು ನನ್ನ ಹೆಸರಿಗೆ ಬಿದ್ದಿದ್ದು ಜೂನ್ ತಿಂಗಳ ಒಂದು ಬುಧವಾರ ಸಂಜೆ. ಜೊತೆಗೊಂದು ಎಕ್ಸೆಲ್ ಹಾಳೆ, ಅದರಲ್ಲಿ ಮೂರು ಕಾಲಂ: ಪೋಲಿಷ್, ಇಂಗ್ಲಿಷ್, ಕನ್ನಡ. ಮೊದಲೆರಡು ಭರ್ತಿ, ಮೂರನೆಯದು ಖಾಲಿ. "ನೀನು ಕನ್ನಡದವನಲ್ವಾ, ಹತ್ತು ನಿಮಿಷದ ಕೆಲಸ" ಅಂತ ಮ್ಯಾನೇಜರ್ ಕಾಮೆಂಟ್ ಹಾಕಿದ್ದರು. ಟೀಮಿನಲ್ಲಿ ಹನ್ನೊಂದು ಜನ. ಕನ್ನಡ ಮಾತಾಡುವವರು ನಾಲ್ಕು, ಓದುವವರು ಇಬ್ಬರು, ಬರೆಯೋಕೆ ಬರೋನು ನಾನೊಬ್ಬ. ಹಾರನಹಳ್ಳಿಯಲ್ಲಿ ಕನ್ನಡ ಮೀಡಿಯಂ ಓದಿದ್ದು ಇಷ್ಟು ವರ್ಷದ ನೌಕರಿಯಲ್ಲಿ ಮೊದಲ ಸಲ ಆಫೀಸಿನ ಉಪಯೋಗಕ್ಕೆ ಬಂತು. ಇಂಟರ್‌ವ್ಯೂಗಳಲ್ಲಿ ಅದನ್ನು ನುಂಗಿಕೊಂಡೇ ಉತ್ತರ ಹೇಳುತ್ತಿದ್ದೆ ನಾನು.

ನಮ್ಮದು ರೋಗಿಗಳ ಕೈಯಲ್ಲಿ ಪ್ರಶ್ನಾವಳಿ ತುಂಬಿಸಿ ಡಾಕ್ಟರಿಗೆ ರಿಪೋರ್ಟ್ ಕಳಿಸುವ ಆ್ಯಪ್. ಮೊದಲು ಪೋಲೆಂಡಿಗೆ ಅಂತ ಕಟ್ಟಿದ್ದು, ಈಗ ಇಲ್ಲಿಗೂ ತರುವ ಯೋಚನೆ. ಅದರೊಳಗಿನ ಒಂದು ಪ್ರಶ್ನಾವಳಿ ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹಲವು ದೇಶಗಳ ಕೇಂದ್ರಗಳನ್ನು ಸೇರಿಸಿ ರೂಪಿಸಿದ್ದು, ಹೆಸರು ಡಬ್ಲ್ಯೂಎಚ್ಒಕ್ಯೂಒಎಲ್-ಬ್ರೆಫ್. ಬದುಕು ಹೇಗೆ ನಡೀತಿದೆ ಅಂತ ಅಳೆಯುವ 26 ಪ್ರಶ್ನೆ. ಕಳೆದ ಎರಡು ವಾರವನ್ನು ನೆನಪು ಮಾಡಿಕೊಂಡು ಒಂದರಿಂದ ಐದರ ಒಳಗೆ ಅಂಕ ಕೊಡಬೇಕು. ಪ್ರಶ್ನೆಗಳ ಕನ್ನಡ ಪಠ್ಯ ಬೇರೆ ಕಡೆಯಿಂದ ಬರುವುದಿತ್ತು. ನನ್ನ ಪಾಲಿಗೆ ಬಂದದ್ದು ರಿಪೋರ್ಟಿನ ನಾಲ್ಕು ತಲೆಬರಹ ಮಾತ್ರ. ಮನಸ್ಸು, ಸಂಬಂಧಗಳು, ಪರಿಸರ ಇವು ಮೂರನ್ನು ಬರೆಯೋಕೆ ನಿಜವಾಗಲೂ ಹತ್ತು ನಿಮಿಷ ಸಾಕಾಯಿತು. ನಾಲ್ಕನೆಯದು, ಅಂದರೆ ಪಟ್ಟಿಯಲ್ಲಿ ಮೊದಲನೆಯದು, ಅಲ್ಲಿ ನಿಂತುಬಿಟ್ಟೆ.

ಇಂಗ್ಲಿಷ್ ಕಾಲಂನಲ್ಲಿ ಫಿಸಿಕಲ್ ಅಂತಿತ್ತು. ಪೋಲಿಷ್ ಕಾಲಂನಲ್ಲಿ "ಜೆಜೀನಾ ಸೊಮಾತಿಚ್ನಾ". ಮೊದಲ ಪದಕ್ಕೆ ವಲಯ ಅಂತ ಅರ್ಥವಂತೆ. ಎರಡನೆಯದು ಪೋಲಿಷ್ ಓದಲು ಬಾರದ ನನಗೂ ಗುರುತು ಸಿಕ್ಕಿತು. ಸೊಮ್ಯಾಟಿಕ್. ಆ ಪದ ಎಂಟು ತಿಂಗಳ ಹಿಂದೆ ನಮ್ಮವ್ವನ ಚೀಟಿಯ ಮೇಲಿತ್ತು.

ಅಪ್ಪ ಹೋಗಿ ಆರು ತಿಂಗಳಾಗಿತ್ತು. ಅವ್ವನಿಗೆ ಮೈಯುರಿ ಶುರುವಾಯಿತು. "ಮೈಯೆಲ್ಲಾ ಉರಿ ಕಣಪ್ಪ, ಒಳಗಡೆ ಯಾರೋ ಒಲೆ ಹಚ್ಚಿ ಹೋದಂಗೆ" ಅಂತ ಫೋನಿನಲ್ಲಿ ಅನ್ನುತ್ತಿದ್ದಳು. ಅರಸೀಕೆರೆಯಲ್ಲಿ ತೋರಿಸಿದೆವು, ಹಾಸನದಲ್ಲಿ ತೋರಿಸಿದೆವು. ಸಕ್ಕರೆ ಇಲ್ಲ, ಥೈರಾಯ್ಡ್ ಸರಿ, ಬಿ12 ಸರಿ, ನರದ ಪರೀಕ್ಷೆಯೂ ಸರಿ. ಕೊನೆಗೆ ಬೆಂಗಳೂರಿಗೆ ಕರೆದುಕೊಂಡು ಬಂದೆ. ಇಲ್ಲಿಯ ಡಾಕ್ಟರು ಒಳ್ಳೆಯವರೇ. ಫೈಲನ್ನು ಪೂರ್ತಿ ನೋಡಿದರು, ಮನೆಯಲ್ಲಿ ಯಾರ‍್ಯಾರಿದ್ದಾರೆ ಅಂತ ಕೇಳಿದರು, ನನ್ನ ಜೊತೆ ಇಂಗ್ಲಿಷಿನಲ್ಲಿ ಎರಡು ನಿಮಿಷ ಮಾತಾಡಿದರು, ಚೀಟಿಯಲ್ಲಿ "ಸೊಮ್ಯಾಟಿಕ್ ಸಿಂಪ್ಟಮ್ಸ್" ಅಂತ ಬರೆದು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಆರು ವಾರ ಬಿಟ್ಟು ಬನ್ನಿ ಅಂದರು. ಅವ್ವ ನನ್ನ ಮುಖ ನೋಡಿದಳು. ನಾನು ಅನುವಾದ ಮಾಡಿದೆ.

"ಏನೂ ಇಲ್ವಂತೆ ಅವ್ವ. ಎಲ್ಲಾ ನಾರ್ಮಲ್. ಮನಸಿಗೆ ಹಚ್ಕೋಬೇಡಿ ಅಂತಾರೆ."

ಡಾಕ್ಟರು ಏನೂ ಇಲ್ಲ ಅಂದಿರಲಿಲ್ಲ. ಅವರು ಹೇಳಿದ ಎರಡು ನಿಮಿಷದಲ್ಲಿ ಆ ಮಾತೇ ಇರಲಿಲ್ಲ. ಅದು ನನ್ನ ಸ್ವಂತ ಅನುವಾದ. ಅವ್ವ "ಏನೂ ಇಲ್ವಾ?" ಅಂತ ಒಂದೇ ಸಲ ಕೇಳಿದಳು, ಆಮೇಲೆ ಕೇಳಲಿಲ್ಲ. ಲಿಫ್ಟಿನಲ್ಲಿ ಇಳಿಯುವಾಗ ಮಾತ್ರ, ನನಗೆ ಹೇಳಿದ್ದೋ ಬಾಗಿಲಿಗೆ ಹೇಳಿದ್ದೋ, "ನಿಮ್ಮಪ್ಪಾರು ಹೋಗವ್ರೆ, ಏನೂ ಆಗಿಲ್ವಂತೆ" ಅಂದಳು. ಆರು ವಾರಕ್ಕೆ ಮತ್ತೆ ಹೋಗುವುದು ತಪ್ಪಿತು. ನನಗೆ ರಿಲೀಸ್ ಇತ್ತು, ಅವಳಿಗೆ ಬರೋಕೆ ಮನಸ್ಸಿರಲಿಲ್ಲ. ಅಲ್ಲಿಂದಾಚೆಗೆ ಫೋನ್ ಮಾಡಿದಾಗೆಲ್ಲ ಒಂದೇ ಉತ್ತರ: "ಚೆನ್ನಾಗಿವ್ನಿ ಕಣಪ್ಪ, ನೀ ಹೊಟ್ಟೆಗೆ ಸರಿಯಾಗಿ ತಿನ್ನು."

ಟಿಕೆಟ್ಟಿನ ವಿಷಯಕ್ಕೆ ಬರ್ತೀನಿ. ಕ್ರಾಕೋವ್‌ನಲ್ಲಿ ಕೂತು ಆ ಪೋಲಿಷ್ ಕಾಲಂ ತುಂಬಿಸಿದ ಜೊತೆಗಾತಿಗೆ ಮೆಸೇಜ್ ಹಾಕಿದೆ. ಇದು ಫಿಸಿಕಲ್ಲೋ ಸೊಮ್ಯಾಟಿಕ್ಕೋ, ನೀವು ಯಾಕೆ ಇದನ್ನೇ ಆರಿಸಿಕೊಂಡಿರಿ ಅಂತ. ನಾಳೆ ರಜ, ಇವತ್ತೇ ಹೇಳಿಬಿಡ್ತೀನಿ ಅಂತ ಅವಳು ಕಾಲ್ ಮಾಡಿದಳು. ಪೋಲಿಷಿನಲ್ಲಿ ಮೈಗೆ ಚಾವೊ ಅನ್ನುತ್ತಾರೆ. ಅದರಿಂದ ಹುಟ್ಟಿದ ಗುಣವಾಚಕ ಚೆಲೆಸ್ನಿ. ಆದರೆ ಅದನ್ನು ಆಸ್ಪತ್ರೆಯ ಕಾಗದದ ಮೇಲೆ ಹಾಕಿದರೆ ಒಂದು ತರಹ ಕೇಳುತ್ತದಂತೆ. ದೇಹಸುಖ, ದೇಹದ ಪಾಪ, ಮಕ್ಕಳಿಗೆ ಕೊಡುವ ಏಟು, ಇಂಥವುಗಳ ಜೊತೆ ಓಡಾಡಿದ ಪದ ಅದು. ಫಿಜಿಚ್ನಿ ಅಂದರೆ ಭೌತಶಾಸ್ತ್ರವೂ ಬರುತ್ತದೆ, ಮೂಟೆ ಹೊರುವ ಕೆಲಸವೂ ಬರುತ್ತದೆ. ಹಾಗಾಗಿ ವಿಜ್ಞಾನದಲ್ಲಿ ಮೈಗೆ ಸಂಬಂಧಪಟ್ಟದ್ದು ಅಂತಷ್ಟೇ ಹೇಳಬೇಕಾದಾಗ ಗ್ರೀಕಿನ ಸೋಮ, ಅಂದರೆ ಒಡಲು, ಅದರಿಂದ ಬಂದ ಸೊಮಾತಿಚ್ನಿ. "ಅಷ್ಟೇನಾ? ಕಾರಣ ಗೊತ್ತಾಗದ ನೋವು, ಮನಸ್ಸಿನದ್ದು, ಆ ತರಹದ ಅರ್ಥ ಏನೂ ಇಲ್ವಾ?" ಅಂತ ಕೇಳಿದೆ. ನಮ್ಮಲ್ಲಿ ಕಾಲು ಮುರಿದರೂ ಸೊಮಾತಿಚ್ನಿಯೇ ಅಂದಳು.

ನಾಳೆ ಯಾವ ರಜ ಅಂತ ಸುಮ್ಮನೆ ಕೇಳಿದೆ. ಬೊಝೆ ಚಾವೊ, ಕ್ಯಾಥೊಲಿಕರ ಹಬ್ಬ, ಈಸ್ಟರ್ ಆಗಿ 60ನೇ ದಿನಕ್ಕೆ ಬರುವ ಗುರುವಾರ. ಅಕ್ಷರಶಃ ಹೇಳಿದರೆ ದೇವರ ಮೈ! ಇಡೀ ದೇಶಕ್ಕೆ ಸರ್ಕಾರಿ ರಜ. ನಮ್ಮೂರಲ್ಲಿ ದೇವರೇ ಜನರ ಮೈಮೇಲೆ ಬರ್ತದೆ, ಅದಕ್ಕೆ ರಜ ಇಲ್ಲ ಅಂತ ಹೇಳೋಣ ಅನ್ನಿಸಿತು, ಇಂಗ್ಲಿಷಿನಲ್ಲಿ ಅದನ್ನು ಹೇಗೆ ಹೇಳೋದು ಅಂತ ಹೊಳೆಯಲಿಲ್ಲ. ಅವಳು ಇಡುವ ಮೊದಲು ಇನ್ನೊಂದು ಹೇಳಿದಳು. ಬೀಜಗಣಿತದಲ್ಲಿ ನಾವು ಫೀಲ್ಡ್ ಅಂತ ಓದಿದ್ದೀವಲ್ಲ, ಕ್ಯೂಆರ್ ಕೋಡಿನ ತಪ್ಪು ತಿದ್ದುವ ಲೆಕ್ಕದ ಬುಡದಲ್ಲಿ ಕೂತಿರುವ ಅದೇ ಫೀಲ್ಡು, ಅದಕ್ಕೂ ಪೋಲಿಷಿನಲ್ಲಿ ಚಾವೊ ಅನ್ನುತ್ತಾರಂತೆ. ಅವರು ಕ್ಷೇತ್ರಕ್ಕೆ ಮೈ ಅಂದರು. ಗೀತೆಯ 13ನೇ ಅಧ್ಯಾಯದಲ್ಲಿ ಮೈಗೇ ಕ್ಷೇತ್ರ ಅಂದಿದ್ದಾರೆ. ಇದರಿಂದ ಏನೂ ಸಾಬೀತಾಗುವುದಿಲ್ಲ, ಆದರೂ ಅವತ್ತು ರಾತ್ರಿ ನಿದ್ದೆ ಬರದೆ ಇದನ್ನೇ ಯೋಚಿಸುತ್ತಿದ್ದೆ.

ಕನ್ನಡದಲ್ಲಿ ಏನು ಹಾಕೋದು? ಆನ್‌ಲೈನ್ ಅನುವಾದಕ ತಕ್ಷಣ "ಭೌತಿಕ" ಅಂತು. ಭೌತಿಕ ಅಂದರೆ ಕಲ್ಲು ಮಣ್ಣಿಗೂ ಸೈ, ಅದು ಬೇಡ. ದೈಹಿಕ ಅಂದರೆ ನನ್ನ ಕಿವಿಗೆ ಪಿಟಿ ಮೇಷ್ಟ್ರ ವಿಷಲ್ ಕೇಳಿಸುತ್ತದೆ. ಪೇಪರ್ ಓದುವವರಿಗೆ ದೈಹಿಕ ಹಲ್ಲೆ ನೆನಪಾದೀತು, 2020ನ್ನು ಮರೆಯದವರಿಗೆ ದೈಹಿಕ ಅಂತರ. ಶಾರೀರಿಕ ಪರವಾಗಿಲ್ಲ, ಆದರೆ ಶಾರೀರ ಅಂದರೆ ಸಂಗೀತದವರಿಗೆ ಕಂಠ. ಕಾಯಿಕ ಅಂದರೆ ವಾಚಿಕ, ಮಾನಸಿಕವೂ ಹಿಂದೆಯೇ ಬಂದು ನಿಲ್ಲುತ್ತವೆ, ಪುರೋಹಿತರು ಸಂಕಲ್ಪ ಹೇಳಿಸಿದ ಹಾಗಾಗುತ್ತದೆ.

ಕಾಯ ಪದದ ಜೊತೆ ನನ್ನದು ಹಳೇ ಜಗಳ. ಹೈಸ್ಕೂಲಿನಲ್ಲಿ ನ್ಯೂಟನ್ನನ ಮೊದಲ ನಿಯಮ. ನಿಶ್ಚಲ ಸ್ಥಿತಿಯಲ್ಲಿರುವ ಕಾಯ, ಅದರ ಮೇಲೆ ಬಾಹ್ಯ ಬಲ, ಇತ್ಯಾದಿ. ತೆಂಗಿನ ಸೀಮೆಯ ಹುಡುಗರು ನಾವು, ಕಾಯ ಅಂತ ಬರೆದದ್ದನ್ನು ಕಾಯಿ ಅಂತಲೇ ಓದಿಕೊಂಡಿದ್ದೆವು. ಅರ್ಥ ಒಂಚೂರೂ ಕೆಡಲಿಲ್ಲ! ಕಾಯಿ ಮರದಲ್ಲಿ ಇದ್ದ ಹಾಗೇ ಇರುತ್ತದೆ, ದೋಟಿ ಹಾಕಿ ಎಳೆದರೆ ಬೀಳುತ್ತದೆ. ಪರೀಕ್ಷೆಯಲ್ಲಿ ನಾನು "ಕಾಯಿ" ಅಂತಲೇ ಬರೆದು ಪೂರ್ತಿ ಅಂಕ ಪಡೆದಿದ್ದೇನೆ. ಆಮೇಲೆ ಜೀವಶಾಸ್ತ್ರದಲ್ಲಿ "ಕಾಯಜ ಸಂತಾನೋತ್ಪತ್ತಿ" ಬಂದಾಗ ಮಾತ್ರ ತಲೆಕೆಳಗಾಯಿತು. ಕಾಯಿಂದ ಹುಟ್ಟೋದು ತೆಂಗು ತಾನೇ? ಪುಸ್ತಕದಲ್ಲಿ ಬಾಳೆ ಅಂತಿತ್ತು. ಮೇಷ್ಟ್ರು ನಕ್ಕು ಬಿಡಿಸಿ ಹೇಳಿದರು. ಬಾಳೆ ತಾಯಿಯ ಒಡಲಿಂದಲೇ ಕಂದು ಹೊಡೆಯುತ್ತದೆ, ಬೀಜ ಬೇಕಿಲ್ಲ. ತೆಂಗಿಗೆ ಇರುವುದು ಒಂದೇ ಸುಳಿ. ಸುಳಿ ಕೊಳೆತರೆ ಮರ ಹೋಯಿತು, ಬುಡದಿಂದ ಮತ್ತೊಂದು ಏಳುವುದಿಲ್ಲ. ಜರ್ಮನಿಯ ವೈಸ್‌ಮನ್ 1892ರ ಪುಸ್ತಕದಲ್ಲಿ ಜೀವಿಗಳ ಕೋಶಗಳನ್ನು ಎರಡು ಪಾಲು ಮಾಡಿದ. ಮುಂದಿನ ತಲೆಮಾರಿಗೆ ದಾಟುವುದು ಒಂದು, ಇಲ್ಲೇ ಇದ್ದು ದುಡಿದು ಸಾಯುವುದು ಇನ್ನೊಂದು. ಈ ಎರಡನೆಯದೇ ಸೊಮ್ಯಾಟಿಕ್. ಸೋಮ ಅಂದರೆ ವಂಶ ನಡೆಸದ, ಆದರೆ ವಂಶವನ್ನು ಹೊತ್ತು ತಿರುಗುವ ಮೈ. ಅವ್ವನ ಫೈಲು ಕಪಾಟಿನಲ್ಲಿ ಇಟ್ಟುಕೊಂಡು ಇದನ್ನೆಲ್ಲ ಓದೋದು ಅಷ್ಟು ಸುಲಭ ಅಲ್ಲ.

ಕನ್ನಡದಲ್ಲಿ ವಿಜ್ಞಾನ ಬರೆಯೋ ತಾಪತ್ರಯ ಹೊಸದಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ "ವಿಜ್ಞಾನ" ಅನ್ನೋ ಮಾಸಪತ್ರಿಕೆ ನಡೆಸಿದವರು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಪಠ್ಯಪುಸ್ತಕಗಳು ಕಷ್ಟ ಬಂದಾಗೆಲ್ಲ ಸಂಸ್ಕೃತದ ಅಂಗಡಿಗೇ ಹೋಗಿವೆ. ಇಲ್ಲ, ಕನ್ನಡದ್ದೇ ಪದ ಹುಡುಕಿ ಅಂತ ಪಟ್ಟು ಹಿಡಿದವರು ಡಿ. ಎನ್. ಶಂಕರ ಬಟ್ಟರು. ಅವರ ಎಲ್ಲ ಪದಗಳೂ ನನ್ನ ನಾಲಿಗೆಗೆ ಹತ್ತುವುದಿಲ್ಲ, ಆದರೆ ಈ ಟಿಕೆಟ್ಟಿನ ಮುಂದೆ ಕೂತಾಗ ಅವರು ಯಾಕೆ ಹಾಗೆ ಪಟ್ಟು ಹಿಡಿದರು ಅಂತ ಅರ್ಥವಾಯಿತು. ಏಕೆಂದರೆ ಅವ್ವನ ಬಾಯಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಅವಳ ಹತ್ತಿರ ಇರುವುದು ಮೈ.

ಹುಷಾರಿಲ್ಲ ಅಂದರೆ ಮೈ ಸರಿ ಇಲ್ಲ. ದುಡಿದರೆ ಮೈಮುರಿದು, ದುಡಿಯದಿದ್ದರೆ ಮೈಗಳ್ಳ. ಹುಡುಗಿ ದೊಡ್ಡವಳಾದರೆ ಮೈನೆರೆದಳು. ಖುಷಿಯಾದರೆ ಮೈಮರೆತ, ಹೆದರಿದರೆ ಮೈ ಜುಂ ಅಂತು, ಎಚ್ಚರವಾಗಿದ್ದರೆ ಮೈಯೆಲ್ಲಾ ಕಣ್ಣು. ಸಿಡುಬಿಗೆ ಹಳಬರು ಮೈಲಿ ಅನ್ನುತ್ತಿದ್ದರು. ಇದರಲ್ಲಿ ಯಾವುದು ದೇಹದ್ದು, ಯಾವುದು ಮನಸ್ಸಿನದು? ಬೇರ್ಪಡಿಸೋಕೆ ಹೋದರೆ ಎರಡೂ ಹರಿಯುತ್ತವೆ. ಪಕ್ಕದ ತಮಿಳಿನಲ್ಲಿ ಮೆಯ್ ಅಂದರೆ ಮೈಯೂ ಹೌದು, ನಿಜವೂ ಹೌದು. ನಮ್ಮ ಹಳಗನ್ನಡದಲ್ಲೂ ಅದು ಮೆಯ್ಯೇ. ಇನ್ನು ನಮ್ಮೂರ ಹೊಯ್ಸಳರ ಗುಡಿ ಇದೆಯಲ್ಲ, 13ನೇ ಶತಮಾನದಲ್ಲಿ ಮೂವರು ಅಣ್ಣತಮ್ಮಂದಿರು ಕಟ್ಟಿಸಿದ್ದು, ಆ ಬಳಪದ ಕಲ್ಲಿಗೂ ಶಿಲ್ಪಶಾಸ್ತ್ರದವರು ಮೈಯ ಹೆಸರುಗಳನ್ನೇ ಕೊಟ್ಟಿದ್ದಾರೆ. ಗೋಡೆಗೆ ಜಂಘೆ, ಮೇಲೆ ಗ್ರೀವ, ಒಳಗೆ ಗರ್ಭ. ಚಿಕ್ಕವರಿದ್ದಾಗ ಆ ಗೋಡೆಯ ಆನೆಸಾಲಿನ ಪಕ್ಕ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ಬೇಸಿಗೆಯಲ್ಲಿ ಕೆನ್ನೆ ಒತ್ತಿದರೆ ತಣ್ಣಗೆ ಇರುತ್ತಿತ್ತು.

ಈಗ ನನ್ನ ತಪ್ಪಿನ ಇನ್ನೊಂದು ಭಾಗ. ಇಂಗ್ಲಿಷ್ ಮಾತಾಡುವ ಆಸ್ಪತ್ರೆಗಳಲ್ಲಿ ಸೊಮ್ಯಾಟಿಕ್ ಅನ್ನುವ ಪದಕ್ಕೆ ಒಂದು ಅನುಮಾನ ಅಂಟಿಕೊಂಡಿದೆ. ಮನಸ್ಸಿನ ಸಂಕಟ ಮೈಯಲ್ಲಿ ಕಾಣಿಸಿಕೊಂಡರೆ ಅದಕ್ಕೆ ಸೊಮಟೈಸೇಷನ್ ಅಂತ ಹೆಸರಿಟ್ಟರು. ಬಹಳ ಕಾಲ ಪರೀಕ್ಷೆಯಲ್ಲಿ ಕಾರಣ ಸಿಗದೇ ಇರೋದೇ ಅದರ ಲಕ್ಷಣ ಅಂತ ನಡೆಯಿತು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5, 2013ರಲ್ಲಿ ಬಂದಾಗ, ಆ ಷರತ್ತನ್ನೇ ತೆಗೆದುಹಾಕಿತು. ಕಾರಣ ಸಿಕ್ಕರೂ ಸಿಗದಿದ್ದರೂ ನೋವು ನೋವೇ, ಅದು ಆ ಮನುಷ್ಯನನ್ನು ಎಷ್ಟು ಹಿಂಡುತ್ತಿದೆ ಅನ್ನೋದನ್ನು ನೋಡಿ ಅಂತ. ಕೈಪಿಡಿ ಬದಲಾಗಿದ್ದು ನನ್ನಂಥವರಿಗೆ ತಲುಪಿರಲಿಲ್ಲ. ಮೈಯದು ಅನ್ನುವ ಅರ್ಥದ ಪದ ಓದಿ ನಾನು "ಮೈಯದಲ್ಲ" ಅಂತ ತಿಳಿದುಕೊಂಡೆ, ಅದನ್ನೇ ಅವ್ವನಿಗೆ ದಾಟಿಸಿದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಈ ಬಗ್ಗೆ ಒಂದು ಅಧ್ಯಯನ ನಡೆದಿದೆ. ರಘುರಾಮ್, ಚನ್ನಬಸವಣ್ಣ ಮತ್ತು ಇಬ್ಬರು ವಿದೇಶಿ ಸಂಶೋಧಕರು ಸೇರಿ 1996ರಲ್ಲಿ ಪ್ರಕಟಿಸಿದ್ದು. ಖಿನ್ನತೆಯಿಂದ ಬಂದವರನ್ನು ಕೂರಿಸಿ ಮಾತಾಡಿಸಿ, ಯಾವುದಕ್ಕೆ ನಾಚಿಕೆ, ಯಾವುದಕ್ಕೆ ಇಲ್ಲ ಅಂತ ನೋಡಿದರು. ಮನಸ್ಸಿನ ಬೇಸರ ಹೆಚ್ಚಾಗಿ ಇದ್ದವರಿಗೆ ಕಳಂಕದ ಭಯವೂ ಹೆಚ್ಚು. ಮೈ ನೋವು ಹೇಳಿಕೊಂಡವರಿಗೆ ಅದು ಕಡಿಮೆ. ಮೈಕೈ ನೋವು ಎಲ್ಲರಿಗೂ ಬರೋದೇ, ಅದನ್ನು ಜಗಲಿ ಮೇಲೆ ಕೂತು ನಾಲ್ಕು ಜನರ ಮುಂದೆ ಹೇಳಬಹುದು. ದುಃಖವನ್ನು ಹಾಗೆ ಹೇಳೋಕಾಗುತ್ತದಾ? ಅವ್ವನಿಗೆ ಹೇಳಲು ಉಳಿದಿದ್ದ ಒಂದೇ ದಾರಿಯ ಮೇಲೆ ನಾನು "ಏನೂ ಇಲ್ವಂತೆ" ಅಂತ ಬೋರ್ಡ್ ನೆಟ್ಟಿದ್ದೆ.

ಶುಕ್ರವಾರ ತಿಪಟೂರಿನ ಅಕ್ಕ ಫೋನ್ ಮಾಡಿದಳು. ಬೇರೆ ಏನೋ ಮಾತಾಡುತ್ತಾ, "ಅವ್ವ ನಡುರಾತ್ರಿ ಎದ್ದು ಬಚ್ಚಲಿಗೆ ಹೋಗಿ ತಣ್ಣೀರು ಹುಯ್ಕೊಳ್ತಾಳೆ, ನಿಂಗೆ ಹೇಳವ್ಳಾ?" ಅಂದಳು. ಹೇಳಿರಲಿಲ್ಲ. ಶನಿವಾರ ಬೆಳಗಿನ ರೈಲು ಹಿಡಿದು ಅರಸೀಕೆರೆಯಲ್ಲಿ ಇಳಿದು, ಹಾಸನದ ಕಡೆ ಹೋಗುವ ಬಸ್ಸು ಹತ್ತಿ ಊರಿಗೆ ಹೋದೆ.

ಅವ್ವ ಅಟ್ಟದ ಮೇಲಿದ್ದಳು. ನಮ್ಮ ಕಡೆ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಟ್ಟರೆ ಒಳಗೇ ಒಣಗಿ ಕೊಬ್ಬರಿಯಾಗುತ್ತದೆ. ಚಿಪ್ಪು ಬಿಟ್ಟು ಉಂಡೆಯಾಯಿತೋ ಇಲ್ಲವೋ ಅನ್ನೋದು ಅಲ್ಲಾಡಿಸಿದರೆ ಸದ್ದಿನಲ್ಲೇ ತಿಳಿಯುತ್ತದೆ. ನೀರು ಕುಲುಕಿದರೆ ಇನ್ನೂ ಹಸಿ. ಅಪ್ಪ ಇದ್ದಾಗ ಅದು ಅಪ್ಪನ ಕೆಲಸ. ಈಗ ಇವಳು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಈ ಕಡೆ ಆ ಕಡೆ ಹಾಕುತ್ತಿದ್ದಳು. ನಾನು ಏಣಿಯ ಮೇಲಿನ ಮೆಟ್ಟಿಲಲ್ಲೇ ಕೂತೆ. ಆಫೀಸಿನ ಕೆಲಸ ಅವ್ವ, ಒಂದಿಷ್ಟು ಕೇಳ್ತೀನಿ ಅಂದೆ. ಪ್ರಶ್ನಾವಳಿಯಲ್ಲಿ ಸೊಮಾತಿಚ್ನಾ ತಲೆಬರಹದ ಕೆಳಗೆ ಬರುವುದು ಏಳು: ನೋವು, ಔಷಧಿಯ ಅವಲಂಬನೆ, ಕಸುವು, ಓಡಾಟ, ನಿದ್ದೆ, ದಿನದ ಕೆಲಸ, ದುಡಿಯುವ ಶಕ್ತಿ. ನನ್ನ ಮಾತಿನಲ್ಲಿ ಕೇಳುತ್ತಾ ಹೋದೆ.

"ಓಡಾಟಕ್ಕೇನು, ಅಟ್ಟ ಹತ್ತಿವ್ನಲ್ಲ."

"ದುಡಿಯೋಕಾಗ್ತದಾ?"

"ದುಡೀದಿದ್ರೆ ಇದ್ಯಾರು ಮಾಡ್ತಾರೆ, ನೀನಾ?"

ಕಾಯಕ ಅನ್ನುವ ಪದ ಕಾಯದಿಂದಲೇ ಬಂದದ್ದು. ದುಡಿಮೆಯನ್ನು ಮೈಯ ಲೆಕ್ಕಕ್ಕೆ ಹಾಕಿದ ಆ ಪ್ರಶ್ನಾವಳಿಯವರಿಗೆ ನಮ್ಮ ಶರಣರು ಅಡ್ಡಿ ಹೇಳುತ್ತಿರಲಿಲ್ಲ. ನಿದ್ದೆಯ ಪ್ರಶ್ನೆ ಬಂದಾಗ ಮಾತ್ರ ಅವ್ವ ಕೈಯಲ್ಲಿದ್ದ ಕಾಯಿಯನ್ನು ಅಲ್ಲಾಡಿಸದೆ ಹಾಗೇ ಹಿಡಿದುಕೊಂಡಳು. "ಅಕ್ಕ ಹೇಳಿದ್ಲಾ?" ಅಂದಳು.

ಹೂಂ ಅಂದೆ. ಆಮೇಲೆ ಹೇಳಿದೆ. ಅವತ್ತು ಆ ಡಾಕ್ಟ್ರು ಏನೂ ಇಲ್ಲ ಅಂದಿರಲಿಲ್ಲ ಅವ್ವ. ಮೈಗೆ ಆಗೈತೆ ಅಂತಲೇ ಬರೆದಿದ್ರು. ಮತ್ತೆ ಬನ್ನಿ ಅಂತನೂ ಅಂದಿದ್ರು. ನಾನು ತಪ್ಪು ಹೇಳಿದೆ.

ಅವಳು ಬಯ್ಯಲಿಲ್ಲ. "ಬರ್ದಿದ್ರಾ?" ಅಂದಳು. ಎರಡು ಸಲ ಕೇಳಿದಳು. ಆಮೇಲೆ ಅಟ್ಟದ ಆ ಅರೆಗತ್ತಲಲ್ಲಿ ಕೂತು ಎಲ್ಲಿಂದ ಶುರುವಾಗುತ್ತದೆ, ಹೇಗೆ ಹರಡುತ್ತದೆ ಅಂತ ಹೇಳತೊಡಗಿದಳು. ಕತ್ತಿನ ಹಿಂದೆ ಚಳುಕು. ಅಲ್ಲಿಂದ ಬೆನ್ನಿಗೆ ಇಳಿಯುವಾಗ ಸೆಳೆತ. ಅಂಗಾಲಿಗೆ ಬಂದಾಗ ಉರಿ. ಬೆಳಗಿನ ಜಾವ ಕೈ ಜೋಮು. ಅಪ್ಪ ಮಲಗುತ್ತಿದ್ದ ಕಡೆಯ ಮಗ್ಗುಲಿಗೆ ಜಾಸ್ತಿ. ಒಂದರಿಂದ ಐದರ ಒಳಗೆ ಅಂಕ ಕೊಡು ಅಂತ ನಾನು ಕೇಳಲಿಲ್ಲ. ಮೊಬೈಲಿನಲ್ಲಿ ಕನ್ನಡದಲ್ಲೇ ಟೈಪ್ ಮಾಡಿಕೊಳ್ಳುತ್ತಾ ಹೋದೆ. ಅರ್ಧ ಗಂಟೆಯ ಮೇಲಾಯಿತು.

ಸೋಮವಾರ ಟಿಕೆಟ್ಟಿನಲ್ಲಿ "ಮೈ" ಅಂತ ಒಂದೇ ಅಕ್ಷರ ತುಂಬಿಸಿ ಕಳಿಸಿದೆ. ಮಧ್ಯಾಹ್ನಕ್ಕೆ ವಾಪಸ್ ಬಂತು. ತುಂಬಾ ಇನ್‌ಫಾರ್ಮಲ್, ಬಾಕ್ಸ್ ಖಾಲಿ ಕಾಣ್ತದೆ ಅಂತ ರಿವ್ಯೂ ಮಾಡಿದವರ ಕಾಮೆಂಟು. ವಾದ ಮಾಡಿದೆ, ಅರ್ಧ ಗೆದ್ದೆ. ಮೇಲೆ "ದೈಹಿಕ", ಅದರ ಕೆಳಗೆ ಸಣ್ಣಕ್ಷರದಲ್ಲಿ "ಮೈ, ನಿದ್ದೆ, ದುಡಿಮೆ". ಹಾಗೇ ರಿಲೀಸ್ ಆಯಿತು.

ಮುಂದಿನ ತಿಂಗಳು ಅವ್ವನನ್ನು ಮತ್ತೆ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಈ ಸಲ ಇಂಗ್ಲಿಷಿನಲ್ಲಿ ನಾನೇ ಮುಂದಾಗಿ ಹೇಳಲಿಲ್ಲ. ಅಟ್ಟದಲ್ಲಿ ಬರೆದುಕೊಂಡದ್ದನ್ನು ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ, ಅದನ್ನೇ ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಜೋರಾಗಿ ಓದತೊಡಗಿದರು. ಚಳುಕು, ಸೆಳೆತ, ಜೋಮು ಅಂತ. ಅವ್ವ ಕುರ್ಚಿಯ ತುದಿಗೆ ಬಂದು ಕೂತು ಪ್ರತಿ ಸಾಲಿಗೂ ತಲೆ ಆಡಿಸುತ್ತಿದ್ದಳು. ಅಂಗಾಲಿನ ಉರಿಯ ಸಾಲು ಬಂದಾಗ ಕೈ ಅಡ್ಡ ಹಿಡಿದಳು.

"ಅದು ತಪ್ಪು ಬರ್ದವ್ನೆ ಸಾಮಿ. ಉರಿ ಹೋದ ತಿಂಗಳು. ಈಗ ಬರೀ ಕಾವು."